ಭಂಗಾರದಿಂದ ಬಂದ ಸಾಣೆ ಯಂತ್ರ

ಗಡಿಯ ಈಚೆ ಬದುಕುವವರಿಗೆ ಒಂದು ಅಕ್ಷರದ ಬೆಲೆ ಚೆನ್ನಾಗಿ ಗೊತ್ತು. ಕನ್ನಡದಲ್ಲಿ ಬಂಗಾರ ಅಂದರೆ ಚಿನ್ನ. ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ ಸಾಮಾನು. ಒಂದು ಮಹಾಪ್ರಾಣ ಹೆಚ್ಚಾದರೆ ಸಾಕು, ಚಿನ್ನ ಹೋಗಿ ತುಕ್ಕು ಹಿಡಿದ ಕಬ್ಬಿಣ ಆಗುತ್ತದೆ! ನಮ್ಮ ಜತ್ತ ತಾಲ್ಲೂಕಿನ ಹಳ್ಳಿಗಳಲ್ಲಿ ಮಹಾಪ್ರಾಣವನ್ನು ಒತ್ತಿ ಹೇಳುವವರೇ ಕಡಿಮೆ. ಹೀಗಾಗಿ ಎರಡೂ ಒಂದೇ ಆಗಿ ಕೇಳುತ್ತವೆ. ಈ ಸಲದ ಬರಹ ಎರಡನೆಯ ಭಂಗಾರದ ಬಗ್ಗೆ.

ನಾವು ಅಂದರೆ ಅಣ್ಣ-ತಮ್ಮ ಇಬ್ಬರು. ಹಿರಿಯವ ಕನ್ನಡ ಶಾಲೆಯ ಮಾಸ್ತರ, ಕಿರಿಯವ ಐಟಿಐಯಲ್ಲಿ ಟರ್ನರ್ ಕಲಿತವ. ಬರೆಯುವ ಕೈ ಹಿರಿಯವನದು, ಇಲ್ಲಿ ಹೇಳುವ ಕೆಲಸ ಇಬ್ಬರದು. ಮನೆಯ ಹಿಂದಿನ ದನದ ಕೊಟ್ಟಿಗೆಗೆ ಪತ್ರಾ ಹೊದಿಸಿ, ನೆಲಕ್ಕೆ ಕಾಂಕ್ರೀಟ್ ಹಾಕಿ ಒಂದು ಸಣ್ಣ ವರ್ಕ್‌ಶಾಪ್ ಮಾಡಿಕೊಂಡಿದ್ದೇವೆ. ಅದರಲ್ಲಿ ಒಂದು ಹಳೆಯ ಲೇಥ್, ಒಂದು ಸಣ್ಣ ಮಿಲ್ಲಿಂಗ್ ಮಶೀನ್, ಒಂದು ಡ್ರಿಲ್. ನಮ್ಮದು ಬರದ ತಾಲ್ಲೂಕು. ನೀರಿಗಾಗಿ ಬೋರ್‌ವೆಲ್ ಕೊರೆಸುತ್ತಲೇ ಇರುತ್ತಾರೆ, ಪಂಪು ಕೆಡುತ್ತಲೇ ಇರುತ್ತವೆ. ಪಂಪಿನ ಶಾಫ್ಟು, ಬುಷ್ಷು, ದಾಳಿಂಬೆ ತೋಟದ ಔಷಧ ಹೊಡೆಯುವ ಪಂಪಿನ ಗಿಯರು, ಕೀವೇ ಹಾಕುವುದು - ಇಂಥ ಕೆಲಸವೇ ಹೆಚ್ಚು.

ಲೇಥ್ ಹರಿಹರದ್ದು, ಮೈಸೂರು ಕಿರ್ಲೋಸ್ಕರ್. ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು, ಲೇಥ್ ಮಾತ್ರ ಇನ್ನೂ ತಿರುಗುತ್ತಿದೆ. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಕಿರ್ಲೋಸ್ಕರ್ ಹೆಸರಿನ ಈ ಉದ್ಯಮವನ್ನು ಕಟ್ಟಿದ ಲಕ್ಷ್ಮಣರಾವ್ ಹುಟ್ಟಿದ್ದು ೧೮೬೯ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರೂ ಮೊದಲು ಮಾಸ್ತರರೇ! ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದರು. ಅಣ್ಣ ರಾಮಣ್ಣನ ಜೊತೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣದ ನೇಗಿಲಿನಿಂದ ಭೂಮಿ ಕೆಡುತ್ತದೆ ಅಂತ ರೈತರು ಹತ್ತಿರ ಬರಲೊಲ್ಲರು, ಬಹಳ ದಿನ ಮಾರಾಟವೇ ಆಗಲಿಲ್ಲ. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧದ ರಾಜರು ಕುಂಡಲದ ಬಳಿ ಮಾಳದ ಭೂಮಿ ಕೊಟ್ಟರು. ೧೯೧೦ರಲ್ಲಿ ಅಲ್ಲಿ ಎದ್ದದ್ದೇ ಕಿರ್ಲೋಸ್ಕರವಾಡಿ. ಅದು ಇರುವುದು ನಮ್ಮ ಸಾಂಗಲಿ ಜಿಲ್ಲೆಯಲ್ಲೇ. ಹರಿಹರದ ಲೇಥ್ ಕಾರ್ಖಾನೆ ಆಮೇಲಿನದು, ೧೯೪೧ರದು. ಅಂದರೆ ಗುರ್ಲಹೊಸೂರಿನಿಂದ ಹೊರಟ ಹೆಸರು ನಮ್ಮ ಜಿಲ್ಲೆಗೆ ಬಂದು, ಇಲ್ಲಿಂದ ಹರಿಹರಕ್ಕೆ ಹೋಗಿ, ಅಲ್ಲಿಂದ ಲೇಥ್ ಆಗಿ ತಿರುಗಿ ನಮ್ಮ ಕೊಟ್ಟಿಗೆಗೆ ಬಂತು. ಗಡಿ ಗೆರೆ ನಕಾಶೆಯ ಮೇಲೆ ಇರಲಿ, ಕಬ್ಬಿಣಕ್ಕೆ ಅದು ಗೊತ್ತಿಲ್ಲ.

ಇರಲಿ, ಸಾಣೆಗೆ ಬರೋಣ.

ಕುಡುಗೋಲು ಮೊಂಡಾದರೆ ರೈತ ಕಲ್ಲಿಗೆ ಮಸೆಯುತ್ತಾನೆ. ಲೇಥ್‌ನ ಟೂಲ್ ಮೊಂಡಾದರೆ ಎರಡು ಕಲ್ಲಿನ ಗ್ರೈಂಡರ್‌ಗೆ ಕೈಯಿಂದಲೇ ಹಿಡಿಯಬಹುದು, ಅದಕ್ಕೆ ಒಂದೇ ಬಾಯಿ. ಆದರೆ ಮಿಲ್ಲಿಂಗ್ ಕಟರ್ ಹಾಗಲ್ಲ. ಇಪ್ಪತ್ತು ಹಲ್ಲು ಇದ್ದರೆ ಇಪ್ಪತ್ತೂ ಒಂದೇ ಎತ್ತರ ಇರಬೇಕು, ಎಲ್ಲದರ ಬೆನ್ನಿಗೂ ಒಂದೇ ಇಳಿಜಾರು ಇರಬೇಕು. ಬೆನ್ನು ಕೆಲಸಕ್ಕೆ ತಾಗಿದರೆ ಕಡಿಯುವುದಿಲ್ಲ, ಉಜ್ಜುತ್ತದೆ. ನಾಲ್ಕು ಹಲ್ಲು ಉದ್ದ, ಹದಿನಾರು ಗಿಡ್ಡ ಆದರೆ ನಾಲ್ಕು ಮಾತ್ರ ದುಡಿಯುತ್ತವೆ, ಉಳಿದವು ಸುಮ್ಮನೆ ತಿರುಗುತ್ತವೆ. (ಶಾಲೆಯ ಗುಂಪು ಕೆಲಸದಲ್ಲೂ ಹೀಗೇ ಆಗುವುದುಂಟು!) ಇದನ್ನು ಕೈಯಿಂದ ಸರಿಮಾಡಲು ಬರುವುದಿಲ್ಲ. ಅದಕ್ಕೆ ಬೇರೆಯೇ ಯಂತ್ರ ಬೇಕು, ಟೂಲ್ ಅಂಡ್ ಕಟರ್ ಗ್ರೈಂಡರ್.

ನಾವು ಕಟರ್‌ಗಳನ್ನು ಸಾಂಗಲಿ ಕಡೆಗೆ ಕಳಿಸುತ್ತಿದ್ದೆವು. ಜತ್ತದಿಂದ ಸುಮಾರು ೮೦ ಕಿಲೋಮೀಟರು. ಎಸ್.ಟಿ. ಬಸ್ಸಿನಲ್ಲಿ ಚೀಲ ಹೋಗಬೇಕು, ವಾರ ಬಿಟ್ಟು ಬರಬೇಕು. ಅಷ್ಟರಲ್ಲಿ ಗಿರಾಕಿಯ ಬೆಳೆ ಒಣಗುತ್ತದೆ, ಅವರು ಕಾಯುವುದಿಲ್ಲ, ವಿಜಯಪುರಕ್ಕೆ ಹೋಗುತ್ತಾರೆ. ಒಂದು ಸಲ ಒಂದು ಅಂಗಡಿಯಿಂದ ಮರಳಿ ಬಂದ ಕಟರ್‌ನ ಹಲ್ಲಿನ ತುದಿ ನೀಲಿಯಾಗಿತ್ತು. ನೀಲಿ ಅಂದರೆ ಸಾಣೆ ಹಿಡಿಯುವಾಗ ಅತಿ ಬಿಸಿಯಾಗಿ ಸುಟ್ಟಿದೆ ಅಂತ. ಅದು ಎರಡು ಶಾಫ್ಟು ಕೂಡ ಬಾಳಲಿಲ್ಲ. ಆ ವರ್ಷ ಕಿರಿಯವನಿಗೆ ಪುಣೆ ಬಳಿಯ ಚಾಕಣದಿಂದ ಗೆಳೆಯರ ಫೋನು ಮೇಲಿಂದ ಮೇಲೆ ಬರುತ್ತಿತ್ತು. ತಿಂಗಳ ಪಗಾರ, ಪಾಳಿ, ರೂಮು, ಎಲ್ಲ ಸಿದ್ಧ. ಹೋದರೆ ಕೊಟ್ಟಿಗೆ ಮತ್ತೆ ಕೊಟ್ಟಿಗೆಯೇ. ಯುಗಾದಿ ತನಕ ನೋಡೋಣ, ಶಾಪ್ ತನ್ನ ಖರ್ಚು ತಾನು ದುಡಿಯದಿದ್ದರೆ ಲೇಥ್ ಮಾರಿ ಚಾಕಣದ ಬಸ್ಸು ಹತ್ತುವುದು ಅಂತ ಮನೆಯಲ್ಲಿ ಮಾತಾಯಿತು.

ಮಿರಜ ಪಕ್ಕದ ಕುಪವಾಡ ಎಂಐಡಿಸಿ ನೋಡಿದವರಿಗೆ ಗೊತ್ತು, ಅಲ್ಲಿ ಕಾರ್ಖಾನೆ ಎಷ್ಟೋ ಭಂಗಾರದ ಅಂಗಡಿಯೂ ಅಷ್ಟೇ. ದೀಪಾವಳಿ ರಜೆಯಲ್ಲಿ ಹೋದೆವು. ಯಾವುದೋ ಮುಚ್ಚಿದ ಕಾರ್ಖಾನೆಯ ಮಾಲು, ರಾಶಿಯ ನಡುವೆ ನಮ್ಮ ಯಂತ್ರ ಕುಳಿತಿತ್ತು. ಹೆಸರಿನ ಫಲಕ ಇಲ್ಲ, ಮೇಲೆ ಪಾರಿವಾಳದ ಹಿಕ್ಕೆ.

"ಗುರುಜಿ, ಮಶೀನ್ ಚಾಲೂ ಅದ. ಮೋಟಾರ್ ಅಷ್ಟ ಸುಟ್ಟದ" ಅಂದ ಅಂಗಡಿಯವರು ಅಲ್ಲೇ ಸ್ಟೂಲ್ ಹಾಕಿಕೊಂಡು ಕುಳಿತರು.

ಹಳೆಯ ಯಂತ್ರ ಕೊಳ್ಳುವಾಗ ಬಣ್ಣ ನೋಡಬೇಡಿ. ಮೋಟಾರು ಸುಟ್ಟಿದ್ದರೂ ಹೆದರಬೇಡಿ, ಅದು ಎಲ್ಲೆಡೆ ಸಿಗುವ ವಸ್ತು. ನೋಡಬೇಕಾದ್ದು ಮೂರೇ. ಸ್ಪಿಂಡಲ್ ಅನ್ನು ಕೈಯಿಂದ ತಿರುಗಿಸಿ ನೋಡಬೇಕು. ಗರಗರ ಅಂದರೆ ಬೇರಿಂಗ್ ಹೋಗಿದೆ, ಬದಲಿಸಬಹುದು. ಆದರೆ ಸ್ಪಿಂಡಲ್‌ನ ಟೇಪರ್ ಮೇಲೆ ಗಾಯ ಇರಬಾರದು. ಎರಡನೆಯದು ಮೇಜು. ಹಳೆಯ ಯಂತ್ರದ ಮೇಜು ನಡುವೆ ಸವೆದಿರುತ್ತದೆ, ಏಕೆಂದರೆ ದಿನವೂ ನಡುವೆಯೇ ಓಡಾಟ. ನಡುವೆ ಸರಿಯಾಗಿ ಬಿಗಿ ಮಾಡಿ ತುದಿಗೆ ತಳ್ಳಿದರೆ ಅದು ಹಿಡಿದು ನಿಂತುಬಿಡುತ್ತದೆ. ಎಷ್ಟು ಬೇಗ ಹಿಡಿಯುತ್ತದೋ ಅಷ್ಟು ಸವೆತ. ಮೂರನೆಯದು ಎಲ್ಲಕ್ಕಿಂತ ಮುಖ್ಯ - ಜೊತೆಯ ಸಾಮಾನು. ಕಟರ್ ಹಿಡಿಯುವ ಹೆಡ್, ಸೆಂಟರುಗಳು, ಹಲ್ಲಿಗೆ ಆನಿಕೆ ಕೊಡುವ ಟೂತ್ ರೆಸ್ಟ್. ಇವಿಲ್ಲದ ಕಟರ್ ಗ್ರೈಂಡರ್ ಅಂದರೆ ಎತ್ತಿಲ್ಲದ ಗಾಡಿ.

ಹೆಡ್ ಕಾಣಲಿಲ್ಲ. ಒಂದೂವರೆ ತಾಸು ಹುಡುಕಿದ ಮೇಲೆ ಬೇರೆ ರಾಶಿಯಲ್ಲಿ, ಹಳೆಯ ಪೈಪುಗಳ ಕೆಳಗೆ ಸಿಕ್ಕಿತು. ಸೆಂಟರುಗಳೂ ಸಿಕ್ಕವು. ಟೂತ್ ರೆಸ್ಟ್ ಸಿಗಲೇ ಇಲ್ಲ. ತೂಕಕ್ಕೆ ಹಾಕಿದರೆ ೪೮೦ ಕಿಲೋ. ಕಿಲೋಗೆ ೪೬ರಂತೆ ೨೨,೦೮೦ ರೂಪಾಯಿ. ಅಂಗಡಿಯವರು ಚಹಾ ಕುಡಿಸಿ, ಮೇಲಿನ ೮೦ ಬಿಟ್ಟರು.

ಛೋಟಾ ಹಾಥಿಯಲ್ಲಿ ಹಾಕಿಕೊಂಡು ಬಂದೆವು. ಇಳಿಸುವಾಗ ಓಣಿಯ ಎಂಟು ಜನ, ಹಲಗೆ, ಅಡಿಯಲ್ಲಿ ಉರುಳಲು ಪೈಪಿನ ತುಂಡುಗಳು. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಭಂಗಾರ ತರಾಕ ಹೋಗೇವಿ ಅಂದ್ರಿ. ಎಷ್ಟ್ ತೊಲಿ ತಂದ್ರೋ?" ಅಂದಳು. ಓಣಿಯ ಜನ ಹಲಗೆ ಬಿಟ್ಟು ನಕ್ಕದ್ದರಿಂದ ಇನ್ನೊಂದು ಹತ್ತು ನಿಮಿಷ ತಡವಾಯಿತು.

ಸಾಣೆ ಯಂತ್ರದ ಕೊಳೆ ಬೇರೆ ಯಂತ್ರದ ಕೊಳೆಯಂತಲ್ಲ. ಕಲ್ಲಿನ ಪುಡಿ ಎಣ್ಣೆಯ ಜೊತೆ ಕಲೆತು ಗಟ್ಟಿಯಾಗಿ, ಸಾಣೆಯ ಮುದ್ದೆಯೇ ಆಗಿರುತ್ತದೆ. ಅದರ ಮೇಲೆ ಮೇಜನ್ನು ಸರಿದಾಡಿಸಿದರೆ ಯಂತ್ರ ತನ್ನನ್ನೇ ತಾನು ಮಸೆದುಕೊಳ್ಳುತ್ತದೆ. ಹೀಗಾಗಿ ಪೂರ್ತಿ ಬಿಚ್ಚಿ ತೊಳೆಯುವ ತನಕ ಒಂದು ಹಿಡಿಕೆಯನ್ನೂ ತಿರುಗಿಸಲಿಲ್ಲ. ಡೀಸೆಲ್, ಹಿತ್ತಾಳೆಯ ಬ್ರಷ್ಷು, ಹಳೆಯ ಧೋತರದ ಅರಿವೆ. ನಾಲ್ಕು ಭಾನುವಾರ ಬರೀ ತೊಳೆಯುವುದರಲ್ಲೇ ಹೋದವು. ಹೊರಗೆ ಹಸಿರು ಬಣ್ಣ, ಅದರ ಕೆಳಗೆ ಬೂದು, ಅದರ ಕೆಳಗೆ ಮತ್ತೊಂದು ಹಸಿರು. ನಾವು ಹೊಸ ಬಣ್ಣ ಬಳಿಯಲಿಲ್ಲ. ಬಣ್ಣ ಬಳಿದ ಹಳೆಯ ಯಂತ್ರ ಮಾರಲಿಕ್ಕೆ ಚೆಂದ, ಇಟ್ಟುಕೊಂಡು ದುಡಿಯುವವರಿಗೆ ಅದರಿಂದ ಏನೂ ಇಲ್ಲ.

ಮೇಜು ಎತ್ತಿದಾಗ ಕೆಳಗೆ ಸ್ಕ್ರೇಪಿಂಗ್ ಗುರುತು ಕಂಡವು. ಯಾರೋ ಹಳೆಯ ಕೆಲಸಗಾರ ಕೈಯಿಂದ ಒಂದೊಂದೇ ಚಿಪ್ಪು ಕೆರೆದು ಸಮ ಮಾಡಿದ ಗುರುತು, ಮೀನಿನ ಹುರುಪೆಯ ಹಾಗೆ. ಎರಡೂ ತುದಿಗೆ ಹೊಸದಾಗಿ ಕೆರೆದಂತಿದ್ದವು, ನಡುವೆ ಅಳಿಸಿದ್ದವು. ಡಯಲ್ ಇಟ್ಟು ಅಳೆದರೆ ನಡುವೆ ೦.೦೪ ಮಿ.ಮೀ. ತಗ್ಗು. ಇದನ್ನು ಮತ್ತೆ ಕೆರೆದು ಸರಿಮಾಡಬಹುದು, ತಿಂಗಳುಗಟ್ಟಲೆ ಕೆಲಸ. ನಾವು ಲೆಕ್ಕ ಹಾಕಿದೆವು. ನಮ್ಮ ಕಟರ್‌ಗಳ ಅಗಲ ೬, ೮, ೧೦ ಮಿ.ಮೀ. ಎಂಡ್‌ಮಿಲ್‌ನ ಬಾಯಿಯೂ ಎರಡು ಬೆರಳು ಉದ್ದ. ಅಷ್ಟು ಸಣ್ಣ ಓಟದಲ್ಲಿ ಆ ತಗ್ಗು ಕಾಣುವುದೇ ಇಲ್ಲ. ಉದ್ದನೆಯ ರೀಮರ್ ಬಂದರೆ ಕಂಡೀತು, ಅದನ್ನು ಒಪ್ಪಿಕೊಳ್ಳುವುದಿಲ್ಲ. ಹೀಗಾಗಿ ಮೇಜನ್ನು ಹಾಗೇ ಬಿಟ್ಟೆವು. ಹಳೆಯ ಯಂತ್ರ ತಂದು ಎಲ್ಲವನ್ನೂ ಹೊಸದರಂತೆ ಮಾಡಲು ಹೋಗಿ, ಅರ್ಧಕ್ಕೇ ಬಿಚ್ಚಿಟ್ಟು ಕೈಬಿಟ್ಟವರನ್ನು ನಾವು ಕಂಡಿದ್ದೇವೆ.

ಸ್ಪಿಂಡಲ್ ಬಗ್ಗೆ ಮಾತ್ರ ಹಾಗೆ ಬಿಡುವಂತಿಲ್ಲ. ಕಲ್ಲು ಅಲ್ಲಾಡಿದರೆ ಹಲ್ಲು ಅಲೆಅಲೆ. ಅಳೆದಾಗ ಟೇಪರ್ ಹತ್ತಿರ ೦.೦೩ ಮಿ.ಮೀ. ಓಲಾಟ ಇತ್ತು. ಕೂದಲಿನ ಅರ್ಧದಷ್ಟು ಅಂದುಕೊಳ್ಳಿ. ಒಳಗೆ ೭೨೦೫ ನಂಬರಿನ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಜೋಡಿ. ಬೇರಿಂಗ್ ನಂಬರಿನ ಕೊನೆಯ ಎರಡು ಅಂಕೆಯನ್ನು ಐದರಿಂದ ಗುಣಿಸಿದರೆ ಒಳಗಿನ ರಂಧ್ರದ ವ್ಯಾಸ ಸಿಗುತ್ತದೆ. ೦೫ ಗುಣಿಸು ೫, ಅಂದರೆ ೨೫ ಮಿ.ಮೀ. (೦೪ರಿಂದ ಮೇಲೆ ಈ ಲೆಕ್ಕ ನಡೆಯುತ್ತದೆ.) ಶಾಲೆಯ ಮಕ್ಕಳಿಗೆ ಇದು ಬಹಳ ಹಿಡಿಸಿತು, ಮರುದಿನ ಓಣಿಯ ಸೈಕಲ್ ಅಂಗಡಿಯಲ್ಲಿ, ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಬೇರಿಂಗ್ ನಂಬರು ಓದುತ್ತ ತಿರುಗಿದರು.

ಬೇರಿಂಗ್‌ನಲ್ಲಿ ಅಗ್ಗದ್ದು ಕೊಳ್ಳಲಿಲ್ಲ. ಒಂದೇ ನಂಬರಿನ ಎರಡು ಬಿಡಿ ಬೇರಿಂಗ್ ತಂದು ಜೋಡಿಸಿದರೆ ಜೋಡಿ ಆಗುವುದಿಲ್ಲ. ಕಾರ್ಖಾನೆಯಲ್ಲೇ ಹೊಂದಿಸಿ ಕೊಟ್ಟ, ಹೆಚ್ಚಿನ ನಿಖರತೆಯ ಜೋಡಿ ಬೇಕು. ೬,೪೦೦ ರೂಪಾಯಿ ಕೊಟ್ಟೆವು. ಕೂಡಿಸುವಾಗ ಸುತ್ತಿಗೆ ಮುಟ್ಟಲಿಲ್ಲ. ಎಣ್ಣೆಯಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ೮೦ ಡಿಗ್ರಿಯವರೆಗೆ ಕಾಯಿಸಿದರೆ ಅದು ಅಷ್ಟೇ ಹಿಗ್ಗಿ ತಾನಾಗಿ ಜಾರಿ ಕೂಡುತ್ತದೆ. ಗ್ರೀಸು ತುಂಬಿ ತುಳುಕಿಸಬಾರದು, ಮೂರನೆಯ ಒಂದು ಪಾಲು ಸಾಕು, ಹೆಚ್ಚಾದರೆ ಬಿಸಿಯಾಗುತ್ತದೆ. ಕಲ್ಲಿಲ್ಲದೆ ಅರ್ಧ ತಾಸು ತಿರುಗಿಸುವುದು, ನಿಲ್ಲಿಸಿ ಕೈಯಿಟ್ಟು ನೋಡುವುದು, ಮತ್ತೆ ತಿರುಗಿಸುವುದು. ಸಂಜೆಗೆ ಡಯಲ್ ಇಟ್ಟಾಗ ೦.೦೦೪ ತೋರಿಸಿತು. ಕಿರಿಯವ ಮಾತಾಡಲಿಲ್ಲ, ಡಯಲ್ ತೆಗೆದು ಮತ್ತೆ ಬೇರೆ ಕಡೆ ಇಟ್ಟು ನೋಡಿದ. ಅಲ್ಲೂ ಅಷ್ಟೇ.

ಇನ್ನು ಕರೆಂಟು. ಮನೆಗೆ ಇರುವುದು ಸಿಂಗಲ್ ಫೇಸ್, ಮೋಟಾರು ತ್ರೀ ಫೇಸ್. ಹೊಲದ ಲೈನಿಗೆ ತ್ರೀ ಫೇಸ್ ಪಾಳಿಯ ಮೇಲೆ ಬರುತ್ತದೆ, ಅದನ್ನು ನಂಬಿ ಶಾಪ್ ನಡೆಸಲಾಗದು. ವೈಂಡಿಂಗ್ ಮಾಡುವವರಿಗೆ ಆರೂ ತಂತಿ ಹೊರಗೆ ತೆಗೆದುಕೊಡಿ ಅಂತ ಹೇಳಿದೆವು. ಸ್ಟಾರ್ ಜೋಡಣೆಯಲ್ಲಿ ೪೧೫ ವೋಲ್ಟ್ ಕೇಳುವ ಮೋಟಾರು, ಅದೇ ಸುರುಳಿಯನ್ನು ಡೆಲ್ಟಾ ಮಾಡಿದರೆ ೨೪೦ಕ್ಕೆ ನಡೆಯುತ್ತದೆ. ಮನೆಯ ಲೈನಿನಿಂದ ಒಂದು ವಿಎಫ್‌ಡಿ ಡ್ರೈವ್, ಅದರಿಂದ ಮೋಟಾರಿಗೆ. ಡ್ರೈವ್ ಹಾಕುವವರು ಒಂದು ಮಾತು ನೆನಪಿಡಬೇಕು. ಅದರ ಗುಂಡಿ ತಿರುಗಿಸಿದರೆ ೫೦ ಹರ್ಟ್ಸ್ ದಾಟಿ ವೇಗ ಏರಿಸಬಹುದು. ಲೇಥ್‌ಗೆ ಅದು ಅನುಕೂಲ, ಸಾಣೆ ಕಲ್ಲಿಗೆ ಅದು ಸಾವು. ಸೆಟ್ಟಿಂಗ್‌ನಲ್ಲಿ ೫೦ಕ್ಕೆ ಬೀಗ ಹಾಕಿ, ಗುಂಡಿಯನ್ನೇ ತೆಗೆದುಬಿಟ್ಟೆವು. ಹಳೆಯ ಪಟ್ಟೆಗೆ ಕ್ಲಿಪ್ಪಿನ ಜೋಡು ಇತ್ತು, ಆ ಜೋಡು ಪುಲ್ಲಿಗೆ ಬಡಿದಾಗಲೆಲ್ಲ ಹಲ್ಲಿನ ಮೇಲೆ ಗೆರೆ ಮೂಡುತ್ತದೆ. ಜೋಡಿಲ್ಲದ ಪಟ್ಟೆ ತರಿಸಿದೆವು.

ಕಲ್ಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಲ್ಲು ಸಿಡಿದು ಕಣ್ಣು ಕಳೆದುಕೊಂಡವರು ನಮ್ಮ ಭಾಗದಲ್ಲೇ ಇದ್ದಾರೆ. ಯಂತ್ರದ ಜೊತೆ ಬಂದ ಹಳೆಯ ಕಲ್ಲುಗಳನ್ನು ಪರೀಕ್ಷೆಗೂ ಹಾಕಲಿಲ್ಲ. ಎಷ್ಟು ಸಲ ಬಿದ್ದಿವೆಯೋ ಯಾರು ಬಲ್ಲರು. ಹೊಸ ಕಲ್ಲಿನ ಮೇಲೆ ಡಬ್ಲ್ಯುಎ ೬೦ ಕೆ ೫ ವಿ ಅಂತ ಬರೆದಿತ್ತು. ಮೊದಲನೆಯದು ಬಿಳಿ ಅಲ್ಯೂಮಿನಿಯಂ ಆಕ್ಸೈಡ್, ಹೈಸ್ಪೀಡ್ ಸ್ಟೀಲಿಗೆ ಅದೇ ಸರಿ. ೬೦ ಅಂದರೆ ಕಣದ ಗಾತ್ರ, ಅಂಕೆ ದೊಡ್ಡದಾದಷ್ಟು ಕಣ ಸಣ್ಣ. ಕೆ ಅಂದರೆ ಹಿಡಿತ ಎಷ್ಟು ಮೆತ್ತಗೆ ಅನ್ನುವುದು. ಗಟ್ಟಿ ಉಕ್ಕಿಗೆ ಮೆತ್ತನೆಯ ಕಲ್ಲು ಬೇಕು, ಮೊಂಡಾದ ಕಣ ಉದುರಿ ಹೊಸದು ಬರಬೇಕು. ೫ ಕಣಗಳ ನಡುವಿನ ಅಂತರ. ವಿ ಅಂದರೆ ಮಣ್ಣಿನ ಬಂಧ, ಕುಂಬಾರರ ಮಡಕೆಯ ಹಾಗೆ ಸುಟ್ಟದ್ದು. ಪರೀಕ್ಷೆಯೂ ಮಡಕೆಯದೇ! ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬಾರಿಸಿ ನೋಡುವಂತೆ, ಕಲ್ಲನ್ನು ಬೆರಳಿಗೆ ತೂಗುಹಾಕಿ ಕಟ್ಟಿಗೆಯ ಹಿಡಿಕೆಯಿಂದ ಮೆಲ್ಲಗೆ ತಟ್ಟಬೇಕು. ಟಣ್ ಅಂದರೆ ಸರಿ. ದಬ್ ಅಂದರೆ ಒಳಗೆ ಬಿರುಕು, ಒಡೆದು ಎಸೆಯಬೇಕು.

ನಮ್ಮ ಯಂತ್ರಕ್ಕೆ ಎರಡು ವೇಗ, ನಿಮಿಷಕ್ಕೆ ೨,೮೦೦ ಸುತ್ತು ಮತ್ತು ೫,೬೦೦ ಸುತ್ತು. ಕಲ್ಲಿನ ಮೇಲೆ ಸೆಕೆಂಡಿಗೆ ೩೫ ಮೀಟರ್ ಮೀರಬಾರದು ಅಂತ ಬರೆದಿದೆ. ಇದನ್ನು ಶಾಲೆಯಲ್ಲಿ ವೃತ್ತದ ಪರಿಧಿಯ ಪಾಠಕ್ಕೆ ಬಳಸಿದೆವು. ಬಾಲಭಾರತಿ ನಮ್ಮ ಮಕ್ಕಳಿಗೆ ಕನ್ನಡದಲ್ಲೇ ಪುಸ್ತಕ ಕೊಡುತ್ತದೆ, ಉದಾಹರಣೆ ಊರಿನದು ಕೊಡುವುದು ಮಾಸ್ತರರ ಕೆಲಸ. ೧೫೦ ಮಿ.ಮೀ. ಕಲ್ಲು, ೫,೬೦೦ ಸುತ್ತು. ೨೨/೭ ಗುಣಿಸು ೦.೧೫ ಗುಣಿಸು ೫,೬೦೦, ಭಾಗಿಸು ೬೦. ಉತ್ತರ ೪೪. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, "ಸರ್, ಕಲ್ಲ ಒಡೀತದ್ರೀ!" ಅಂದಳು. ೧೦೦ ಮಿ.ಮೀ. ಬಟ್ಟಲು ಕಲ್ಲಾದರೆ ೨೯ ಚಿಲ್ಲರೆ, ನಡೆಯುತ್ತದೆ. ದೊಡ್ಡ ಕಲ್ಲಿಗೆ ೨,೮೦೦ರ ವೇಗವೇ, ಆಗ ೨೨. ಈ ನಾಲ್ಕು ಸಾಲನ್ನು ಆ ಹುಡುಗಿಯ ಕೈಯಿಂದಲೇ ಹಲಗೆಯ ಮೇಲೆ ಕನ್ನಡದಲ್ಲಿ ಬರೆಸಿ ಯಂತ್ರದ ಹಿಂದೆ ಗೋಡೆಗೆ ಹೊಡೆದಿದ್ದೇವೆ. ಕನ್ನಡ ಶಾಲೆಯಲ್ಲಿ ಓದಿ ಐಟಿಐಗೆ ಹೋದ ನಮ್ಮ ಹುಡುಗರಿಗೆ ಮೊದಲ ಆರು ತಿಂಗಳು ಮರಾಠಿ, ಇಂಗ್ಲಿಷ್ ಶಬ್ದಗಳ ಜೊತೆ ಗುದ್ದಾಡುವುದರಲ್ಲೇ ಹೋಗುತ್ತದೆ, ಕಿರಿಯವನಿಗೂ ಹಾಗೇ ಆಗಿತ್ತು. ಲೆಕ್ಕವಾದರೂ ಮೊದಲೇ ತಮ್ಮ ಮಾತಿನಲ್ಲಿ ಗೊತ್ತಿರಲಿ.

ಸಿಗದಿದ್ದ ಟೂತ್ ರೆಸ್ಟ್ ಅನ್ನು ನಾವೇ ಮಾಡಿದೆವು. ಮುರಿದ ಬ್ಯಾಂಡ್‌ಸಾ ಬ್ಲೇಡಿನ ತುಂಡು, ಒಂದು ಕಂಬಿ, ಎರಡು ಸ್ಕ್ರೂ. ಸಣ್ಣ ವಸ್ತು, ಆದರೆ ಇಡೀ ಯಂತ್ರದ ಬುದ್ಧಿ ಅದರಲ್ಲೇ ಇದೆ. ಪ್ರತಿ ಹಲ್ಲೂ ಅದರ ಮೇಲೆ ಕೂತು ಕಲ್ಲಿನ ಮುಂದೆ ಹಾಯುತ್ತದೆ, ಆದ್ದರಿಂದಲೇ ಎಲ್ಲ ಹಲ್ಲು ಒಂದೇ ಆಗುತ್ತವೆ. ಬಟ್ಟಲು ಕಲ್ಲಿಗೆ ಅದನ್ನು ಕಟರ್‌ನ ಮಧ್ಯದಿಂದ ಎಷ್ಟು ಕೆಳಗಿಳಿಸುತ್ತೇವೋ ಅದರ ಮೇಲೆ ಹಲ್ಲಿನ ಬೆನ್ನಿನ ಇಳಿಜಾರು. ೮೦ ಮಿ.ಮೀ. ಕಟರ್‌ಗೆ ೫ ಡಿಗ್ರಿ ಬೇಕಾದರೆ ೩.೫ ಮಿ.ಮೀ. ಇಳಿಸಬೇಕು. ತ್ರಿಜ್ಯ ೪೦ನ್ನು ೫ ಡಿಗ್ರಿಯ ಸೈನ್‌ನಿಂದ ಗುಣಿಸಿದರೆ ಇದೇ ಬರುತ್ತದೆ.

ಸಂಕ್ರಾಂತಿ ಕಳೆದು ಎರಡನೆಯ ಭಾನುವಾರ ಮೊದಲ ಕಲ್ಲು ಏರಿತು. ಹೊಸ ಕಲ್ಲು ತಿರುಗುವಾಗ ಮೊದಲ ಕೆಲವು ನಿಮಿಷ ಎದುರಿಗೆ ಯಾರೂ ನಿಲ್ಲಬಾರದು. ಎಲ್ಲರನ್ನೂ ಅಂಗಳಕ್ಕೆ ಕಳಿಸಿ, ಗುಂಡಿ ಒತ್ತಿ ನಾವೂ ಪಕ್ಕಕ್ಕೆ ಸರಿದೆವು. ಸದ್ದು ಕಡಿಮೆ, ಜೇನುಹುಳದಷ್ಟು. ವಜ್ರದ ತುದಿಯಿಂದ ಕಲ್ಲಿನ ಮುಖ ಸರಿಮಾಡಿ, ಆ ನೀಲಿಯಾಗಿ ಬಂದಿದ್ದ ೮೦ರ ಕಟರ್ ಅನ್ನೇ ಹಾಕಿದೆವು. ಒಂದು ಸಲಕ್ಕೆ ನೂರರ ಎರಡು ಪಾಲು ಮಾತ್ರ ತೆಗೆಯುವುದು, ಆತುರ ಇಲ್ಲ. ಸುಟ್ಟ ಭಾಗ ಹೋಗುವ ತನಕ ಇಪ್ಪತ್ತು ಹಲ್ಲನ್ನು ಹದಿನಾರು ಸುತ್ತು ಹಾಯಿಸಿದೆವು. ಅಳೆದರೆ ಅತಿ ಉದ್ದ ಹಲ್ಲಿಗೂ ಅತಿ ಗಿಡ್ಡಕ್ಕೂ ೦.೦೧೫ ವ್ಯತ್ಯಾಸ. ಅದೇ ಸಂಜೆ ಒಂದು ಪಂಪಿನ ಶಾಫ್ಟಿಗೆ ಕೀವೇ ಹಾಕಿದೆವು. ಮೊದಲು ಪುಡಿಪುಡಿಯಾಗಿ ಉದುರುತ್ತಿದ್ದ ಕಬ್ಬಿಣ ಈಗ ಸುರುಳಿಯಾಗಿ ಬಂತು. ಅವ್ವ ಒಂದು ಸುರುಳಿ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ, ಏನೂ ಅನ್ನದೆ ಒಳಗೆ ಹೋದಳು.

ಒಟ್ಟು ಖರ್ಚು ಸಾಗಾಣಿಕೆ ಸೇರಿ ೪೬,೭೦೦ ರೂಪಾಯಿ. ಯುಗಾದಿಯ ಹೊತ್ತಿಗೆ ಅದರಲ್ಲಿ ಕಾಲುಭಾಗವೂ ವಾಪಸಾಗಿರಲಿಲ್ಲ. ಆದರೆ ಉಮದಿ, ಸಂಖ ಕಡೆಯ ಲೇಥಿನವರಿಗೆ ಸುದ್ದಿ ತಲುಪಿ, ಅವರ ಕಟರ್‌ಗಳು ಬರಲು ಶುರುವಾಗಿದ್ದವು. ಚಾಕಣದ ಗೆಳೆಯ ಮತ್ತೆ ಫೋನು ಮಾಡಿದಾಗ ಕಿರಿಯವ, "ಈ ಮಳಿಗಾಲ ಮುಗೀಲಿ, ನೋಡೂಣಂತ" ಅಂದ. ಆ ಮಳೆಗಾಲ ಮುಗಿದು ಇನ್ನೊಂದು ಬಂದಿದೆ.

ಇನ್ನೂ ಆಗಬೇಕಾದ ಕೆಲಸ ಇದೆ. ಕಂಬ ಏರಿಸಿ ಇಳಿಸುವ ಸ್ಕ್ರೂನಲ್ಲಿ ಸಡಿಲ ಇದೆ, ಮೇಲೇರಿಸುತ್ತ ಸೆಟ್ ಮಾಡಿದರೆ ಸರಿ, ಇಳಿಸುತ್ತ ಮಾಡಿದರೆ ಮೋಸ. ಅದಕ್ಕೊಂದು ಗನ್‌ಮೆಟಲ್ ನಟ್ ಕೊರೆಯಬೇಕು. ಧೂಳು ಎಳೆಯಲು ಹಳೆಯ ಬ್ಲೋವರ್ ಒಂದನ್ನು ಹುಡುಕುತ್ತಿದ್ದೇವೆ. ಆ ತನಕ ಕನ್ನಡಕದ ಜೊತೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡೇ ಕೆಲಸ. ನಾಳೆ ಭಾನುವಾರ, ಮೇಜಿನ ಮೇಲೆ ಉಮದಿಯಿಂದ ಬಂದ ೧೨ ಮಿ.ಮೀ.ನ ಏಳು ಎಂಡ್‌ಮಿಲ್ ಕಾಯುತ್ತಿವೆ, ಜೊತೆಗೆ ಓಣಿಯ ಒಬ್ಬರು ತಂದಿಟ್ಟ ಎರಡು ಕುಡುಗೋಲು. ಅವಕ್ಕೆ ಹಳೆಯ ಸಾಣೆ ಕಲ್ಲೇ ಸಾಕು ಅಂತ ಹೇಳಿದೆವು, ಅವರು ಕೇಳಲೊಲ್ಲರು.